ಎಲ್‌ಎಚ್‌ಬಿ ಬೋಗಿಗೆ ಹೆಸರು ಕೊಟ್ಟ ಕಂಪನಿ: ಲಿಂಕೆ-ಹಾಫ್‌ಮನ್-ಬುಶ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ರೈಲಿನ ಹುಚ್ಚು ಇರುವವರು ನಾಲ್ಕು ಜನ ಸೇರಿದರೆ ಎಲ್‌ಎಚ್‌ಬಿ ಅನ್ನುವ ಮೂರಕ್ಷರ ಮಾತಿಗೆ ಬಂದೇ ಬರುತ್ತದೆ. 'ನಮ್ಮ ಗಾಡಿಗೆ ಎಲ್‌ಎಚ್‌ಬಿ ಬಂತಾ?' ಎಂದು ಕೇಳುವವರು ಊರೂರಲ್ಲಿ ಇದ್ದಾರೆ. ಆ ಅಕ್ಷರಗಳ ಹಿಂದೆ ಯಾರಿದ್ದರು, ಯಾವ ಊರಿನವರು, ಅವರಿಗೆ ಏನಾಯಿತು ಎಂದು ಕೇಳುವವರು ಕಡಿಮೆ. ನನ್ನನ್ನು ಹಾಗೆ ಕೇಳಿದವರಿಗೆ ಹೇಳಿದ್ದನ್ನೆಲ್ಲ ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ.

ಎಲ್‌ಎಚ್‌ಬಿ ಎಂದರೆ ಏನು?

ಲಿಂಕೆ-ಹಾಫ್‌ಮನ್-ಬುಶ್. ಮೂರೂ ಮನುಷ್ಯರ ಹೆಸರುಗಳು. ಬೇರೆಬೇರೆ ಕಾಲದಲ್ಲಿ ಬೇರೆಬೇರೆ ಕಾರ್ಖಾನೆ ನಡೆಸಿದ ಮೂರು ಮನೆತನಗಳ ಹೆಸರು ಒಂದಾದ ಮೇಲೊಂದು ಅಂಟಿಕೊಂಡು ಈ ಉದ್ದನೆಯ ಹೆಸರಾಯಿತು. ಇದೊಂದು ತಂತ್ರಜ್ಞಾನದ ಹೆಸರು, ಏನೋ ಒಂದು ಇಂಗ್ಲಿಷ್ ಪದಗುಚ್ಛದ ಮೊದಲಕ್ಷರಗಳು ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಅದು ಜರ್ಮನಿಯ ಒಂದು ರೈಲು ಬೋಗಿ ಕಂಪನಿಯ ಹೆಸರು. ಬೋಗಿಯ ವಿನ್ಯಾಸ ಅಲ್ಲಿಂದ ಬಂದದ್ದರಿಂದ ನಾವು ಬೋಗಿಯನ್ನೂ ಅದೇ ಹೆಸರಿನಿಂದ ಕರೆಯುತ್ತೇವೆ.

ಕಂಪನಿ ಎಲ್ಲಿ ಶುರುವಾಯಿತು?

ಬ್ರೆಸ್ಲಾವ್ ನಗರದಲ್ಲಿ, 1839ರಲ್ಲಿ. ಆಗ ಅದು ಪ್ರಷ್ಯಾ ರಾಜ್ಯದ ಸೈಲೀಸಿಯಾ ಪ್ರಾಂತ್ಯದ ದೊಡ್ಡ ಊರು. ಈಗ ಪೋಲೆಂಡಿನಲ್ಲಿದೆ, ಹೆಸರು ವ್ರೋತ್ಸ್ವಾಫ್.

ಗಾಟ್‌ಫ್ರೀಡ್ ಲಿಂಕೆ ಅಲ್ಲಿ ಕುದುರೆಗಾಡಿ, ಗಾಲಿ ಮಾಡುವ ಕಸುಬಿನವನು. ಜರ್ಮನ್ನರ ನೆಲದಲ್ಲಿ ಮೊದಲ ಉಗಿಬಂಡಿ ನ್ಯೂರೆಂಬರ್ಗ್‌ನಿಂದ ಫ್ಯೂರ್ತ್‌ಗೆ ಓಡಿದ್ದು 1835ರ ಡಿಸೆಂಬರ್‌ನಲ್ಲಿ. ಅದಾಗಿ ನಾಲ್ಕೇ ವರ್ಷಕ್ಕೆ ಈ ಗಾಡಿ ಕೆಲಸದವನು ರೈಲಿಗೆ ಬಂಡಿ ಮಾಡಿಕೊಡುವ ಕಾರ್ಖಾನೆ ತೆರೆದ. ಬ್ರೆಸ್ಲಾವ್‌ನಿಂದ ಮೇಲ್ ಸೈಲೀಸಿಯಾದ ಕಲ್ಲಿದ್ದಲು ಸೀಮೆಯ ಕಡೆಗೆ ಹೊರಟ ರೈಲುಹಾದಿಯ ಮೊದಲ ತುಂಡು 1842ರಲ್ಲಿ ತೆರೆಯಿತು. ಕಲ್ಲಿದ್ದಲು ಇದ್ದಲ್ಲಿ ಗೂಡ್ಸ್ ವ್ಯಾಗನ್ ಬೇಕೇ ಬೇಕು. ಅವನ ಕಾರ್ಖಾನೆ ಬೆಳೆದದ್ದು ಆ ಬೇಡಿಕೆಯ ಮೇಲೆ.

ಆ ಕಾಲದ ರೈಲು ಬಂಡಿ ಅಂದರೆ ಹೆಚ್ಚೂಕಡಿಮೆ ಮರದ ಪೆಟ್ಟಿಗೆಯೇ. ಮರ ಕೊಯ್ಯುವುದು, ಬೆಸೆಯುವುದು, ಗಾಲಿ ಕೂರಿಸುವುದು ಗೊತ್ತಿದ್ದ ಕಸುಬುದಾರನಿಗೆ ಇದು ಪೂರ್ತಿ ಹೊಸ ಲೋಕವಲ್ಲ. ಯುರೋಪಿನ ಹಲವು ಬೋಗಿ ಕಂಪನಿಗಳು ಹುಟ್ಟಿದ್ದು ಹೀಗೆ ಗಾಡಿ ಮಾಡುವವರ ಅಂಗಳದಲ್ಲೇ. 1871ರಲ್ಲಿ ಲಿಂಕೆಯ ಕಾರ್ಖಾನೆ ಷೇರು ಕಂಪನಿಯಾಯಿತು.

ಹಾಫ್‌ಮನ್ ಮತ್ತು ಬುಶ್ ಯಾವಾಗ ಬಂದು ಸೇರಿದರು?

ಹಾಫ್‌ಮನ್ ಸೋದರರದ್ದೂ ಬ್ರೆಸ್ಲಾವ್‌ನ ಬೋಗಿ ಕಾರ್ಖಾನೆಯೇ. 1912ರಲ್ಲಿ ಎರಡೂ ಒಂದಾಗಿ ಲಿಂಕೆ-ಹಾಫ್‌ಮನ್ ಆಯಿತು. ಬುಶ್ ಸೇರಿದ್ದು 1928ರಲ್ಲಿ. ಆ ಕಾರ್ಖಾನೆ ಇದ್ದದ್ದು ಸ್ಯಾಕ್ಸನಿಯ ಬೌಟ್ಸನ್ ಎಂಬ ಪುಟ್ಟ ಊರಿನಲ್ಲಿ. ನಡುವೆ 1920ರ ದಶಕದಲ್ಲಿ ಲೌಖ್‌ಹಾಮರ್ ಎಂಬ ಉಕ್ಕಿನ ಕಂಪನಿಯೊಂದು ಸೇರಿ, ಕೆಲವು ವರ್ಷಗಳಲ್ಲೇ ಬೇರೆಯಾಯಿತು. ಆ ಹೆಸರು ಉಳಿದಿದ್ದರೆ ಇವತ್ತು ನಾವು ಎಲ್‌ಎಚ್‌ಎಲ್ ಬೋಗಿ ಅನ್ನುತ್ತಿದ್ದೆವೋ ಏನೋ.

ಬೌಟ್ಸನ್ ಊರಿನ ಹೆಸರನ್ನು ನೆನಪಿನಲ್ಲಿಡಿ. ಮುಂದೆ ಬೇಕಾಗುತ್ತದೆ.

ಈ ಕಂಪನಿ ವಿಮಾನವನ್ನೂ ಮಾಡಿತ್ತು ಅನ್ನುತ್ತಾರೆ. ನಿಜವೇ?

ನಿಜ. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಸೇನೆ ದೈತ್ಯ ಬಾಂಬರ್ ವಿಮಾನಗಳನ್ನು ಕೇಳಿತು. ಲಿಂಕೆ-ಹಾಫ್‌ಮನ್ ಮಾಡಿಕೊಟ್ಟ ಮೊದಲನೆಯದಕ್ಕೆ ಆರ್-1 ಎಂದು ಹೆಸರು. ಅದರ ಮೈಯ ಒಂದು ಭಾಗಕ್ಕೆ ಬಟ್ಟೆಯ ಬದಲು ಸೆಲೋನ್ ಎಂಬ ಪಾರದರ್ಶಕ ಹಾಳೆ ಹೊದಿಸಿದರು. ಆಕಾಶದಲ್ಲಿ ಕಣ್ಣಿಗೆ ಬೀಳದಿರಲಿ ಎಂಬ ಲೆಕ್ಕ. ಆದದ್ದು ಉಲ್ಟಾ: ಹಾಳೆ ಬಿಸಿಲಿಗೆ ಥಳಥಳ ಹೊಳೆಯುತ್ತಿತ್ತು, ದಿನ ಕಳೆದಂತೆ ಹಳದಿಯಾಗುತ್ತಿತ್ತು. ಆ ವಿಮಾನ 1917ರಲ್ಲಿ ಹಾರಾಟದಲ್ಲೇ ರೆಕ್ಕೆ ಕಳಚಿ ಬಿತ್ತು. ಎರಡನೆಯ ವಿಮಾನ ಆರ್-2ರಲ್ಲಿ ನಾಲ್ಕು ಎಂಜಿನ್ ಸೇರಿ ಮೂತಿಯಲ್ಲಿದ್ದ ಒಂದೇ ಪ್ರೊಪೆಲರ್ ತಿರುಗಿಸುತ್ತಿದ್ದವು. ಅದರ ಅಗಲ 6.9 ಮೀಟರ್! ಅದು ಹಾರುವ ಹೊತ್ತಿಗೆ ಯುದ್ಧವೇ ಮುಗಿದಿತ್ತು.

ಇದನ್ನು ಓದಿದಾಗಲೆಲ್ಲ ನನಗೆ ಬೆಂಗಳೂರು ನೆನಪಾಗುತ್ತದೆ. ಅಲ್ಲಿ ರೈಲು ಬೋಗಿಯವರು ವಿಮಾನ ಮಾಡಿದರೆ, ಇಲ್ಲಿ ವಿಮಾನದವರು ರೈಲು ಬೋಗಿ ಮಾಡಿದರು. ಎರಡನೇ ಮಹಾಯುದ್ಧ ಮುಗಿದು ಕೆಲಸ ಕಡಿಮೆಯಾದಾಗ ನಮ್ಮ ಎಚ್‌ಎಎಲ್ ಬೋಗಿ ಕಟ್ಟುವುದಕ್ಕೆ ಕೈಹಾಕಿತು. ಆ ಬೋಗಿ ವಿಭಾಗವೇ 1964ರಲ್ಲಿ ಹುಟ್ಟಿದ ಬೆಮೆಲ್‌ಗೆ ಬುನಾದಿ. ಲೋಹದ ತಗಡಿನಿಂದ ಹಗುರವಾಗಿ, ಗಟ್ಟಿಯಾಗಿ ಉದ್ದನೆಯ ಕೊಳವೆ ಕಟ್ಟುವ ವಿದ್ಯೆ ಎರಡಕ್ಕೂ ಬೇಕು.

ಯುದ್ಧಕ್ಕೆ ಮುಂಚೆ ಅವರ ದೊಡ್ಡ ಸಾಧನೆ ಯಾವುದು?

ನನ್ನ ಮಟ್ಟಿಗೆ, 1930ರ ದಶಕದ ಡೀಸೆಲ್ ಎಕ್ಸ್‌ಪ್ರೆಸ್ ಗಾಡಿ. 'ಲೈಪ್‌ಜಿಗ್' ಮಾದರಿ ಎಂದು ಕರೆಯುವ ಮೂರು ಡಬ್ಬಿಯ ಈ ಗಾಡಿಯನ್ನು ಅವರು 1935ರಲ್ಲಿ ಕಟ್ಟಿದರು. 1936ರ ಫೆಬ್ರುವರಿಯಲ್ಲಿ ಅದು ಪರೀಕ್ಷೆಯ ಓಟದಲ್ಲಿ ಗಂಟೆಗೆ 205 ಕಿ.ಮೀ. ಮುಟ್ಟಿತು. ಡೀಸೆಲ್ ಗಾಡಿಗೆ ಅದು ಅಂದಿನ ವಿಶ್ವದಾಖಲೆ. ಬರ್ಲಿನ್‌ನಿಂದ ಬ್ರೆಸ್ಲಾವ್ ದಾಟಿ ಹೋಗುತ್ತಿದ್ದ 'ಹಾರುವ ಸೈಲೀಸಿಯನ್' ಎಕ್ಸ್‌ಪ್ರೆಸ್‌ನಲ್ಲಿ ಇದೇ ಮಾದರಿ ಓಡಿತು. ತಾವು ಕಟ್ಟಿದ ಗಾಡಿ ತಮ್ಮದೇ ಊರಿನ ಮೇಲೆ ಹಾಯುವುದನ್ನು ನೋಡುವ ಕೆಲಸಗಾರರ ಹೆಮ್ಮೆ ಹೇಗಿದ್ದಿರಬೇಕು ಎಂದು ಊಹಿಸಬಲ್ಲೆ.

ನಾಜಿ ಕಾಲದಲ್ಲಿ ಕಂಪನಿ ಏನು ಮಾಡುತ್ತಿತ್ತು?

ಈ ಪ್ರಶ್ನೆಯನ್ನು ಹಾರಿಸಿ ಮುಂದೆ ಹೋಗುವ ಲೇಖನಗಳೇ ಜಾಸ್ತಿ. ಹಾರಿಸಬಾರದು.

ಆ ವೇಳೆಗೆ ಕಂಪನಿ ಫ್ರೀಡ್ರಿಖ್ ಫ್ಲಿಕ್ ಎಂಬ ಉದ್ಯಮಿಯ ಕೈಯಲ್ಲಿತ್ತು. ಉಕ್ಕು, ಕಲ್ಲಿದ್ದಲು, ಶಸ್ತ್ರಾಸ್ತ್ರಗಳ ದೊಡ್ಡ ಸಾಮ್ರಾಜ್ಯ ಅವನದು. ಯುದ್ಧಕ್ಕೆ ಸರಕು ಸಾಗಿಸಲು ಸರ್ಕಾರಕ್ಕೆ ವ್ಯಾಗನ್‌ಗಳು ಸಾವಿರಗಟ್ಟಲೆ ಬೇಕಾಗಿದ್ದವು. ದುಡಿಯುವ ಕೈಗಳು ಸೇನೆಗೆ ಹೋಗಿದ್ದವು. ಆ ಜಾಗಕ್ಕೆ ಯುದ್ಧಕೈದಿಗಳನ್ನು, ಜರ್ಮನಿ ಆಕ್ರಮಿಸಿಕೊಂಡ ದೇಶಗಳಿಂದ ಎಳೆದು ತಂದವರನ್ನು ತುಂಬಿದರು.

ಯುದ್ಧ ಮುಗಿದ ಮೇಲೆ ನ್ಯೂರೆಂಬರ್ಗ್‌ನಲ್ಲಿ ಅಮೆರಿಕನ್ ನ್ಯಾಯಾಧೀಶರ ಮುಂದೆ ಫ್ಲಿಕ್ ಮತ್ತು ಅವನ ಐವರು ಅಧಿಕಾರಿಗಳ ವಿಚಾರಣೆ ನಡೆಯಿತು. 'ನಾವು ಬಯಸಿ ಮಾಡಲಿಲ್ಲ, ಸರ್ಕಾರದ ಬಲವಂತಕ್ಕೆ ಮಣಿದೆವು' ಎಂಬುದು ಅವರ ವಾದ. ಜೀತದ ದುಡಿಮೆಯ ಆರೋಪದಲ್ಲಿ ಕೋರ್ಟು ಈ ವಾದವನ್ನು ನಾಲ್ವರ ಮಟ್ಟಿಗೆ ಒಪ್ಪಿತು. ಫ್ಲಿಕ್ ಮತ್ತು ಅವನ ಸಂಬಂಧಿ ಬರ್ನ್‌ಹಾರ್ಡ್ ವೈಸ್ ಮಟ್ಟಿಗೆ ಒಪ್ಪಲಿಲ್ಲ. ಯಾಕೆಂದರೆ ಲಿಂಕೆ-ಹಾಫ್‌ಮನ್ ಕಾರ್ಖಾನೆಯಲ್ಲಿ ಸರ್ಕಾರ ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವ್ಯಾಗನ್ ತಯಾರಿಸುವ ಅವಕಾಶವನ್ನು ವೈಸ್ ತಾನಾಗಿಯೇ ಕೇಳಿ ಪಡೆದಿದ್ದ, ಅದಕ್ಕಾಗಿ ರಷ್ಯನ್ ಯುದ್ಧಕೈದಿಗಳನ್ನು ಕೊಡಿಸಿಕೊಂಡಿದ್ದ, ಅದು ಫ್ಲಿಕ್‌ಗೆ ಗೊತ್ತಿತ್ತು, ಅವನ ಒಪ್ಪಿಗೆಯೂ ಇತ್ತು. ಬಲವಂತದ ಮಾತು ಅಲ್ಲಿಗೆ ಬಿದ್ದುಹೋಯಿತು. 1947ರ ಡಿಸೆಂಬರ್‌ನಲ್ಲಿ ಬಂದ ತೀರ್ಪಿನಲ್ಲಿ ಫ್ಲಿಕ್‌ಗೆ ಬೇರೆ ಆರೋಪಗಳೂ ಸೇರಿ ಏಳು ವರ್ಷ, ವೈಸ್‌ಗೆ ಎರಡೂವರೆ ವರ್ಷ ಶಿಕ್ಷೆ. ಫ್ಲಿಕ್ ಪೂರ್ತಿ ಅನುಭವಿಸಲಿಲ್ಲ. 1950ರಲ್ಲೇ ಹೊರಬಂದ, ಮತ್ತೆ ಜರ್ಮನಿಯ ಅತಿ ಶ್ರೀಮಂತರಲ್ಲಿ ಒಬ್ಬನಾದ.

ಹೀಗೆ ನಾವು ದಿನಾ ಹೇಳುವ ಈ ಹೆಸರಿನ ಮೊದಲ ಎರಡು ಅಕ್ಷರ ನ್ಯೂರೆಂಬರ್ಗ್‌ನ ತೀರ್ಪಿನ ಪುಟದಲ್ಲೂ ಇವೆ. ಆ ವ್ಯಾಗನ್‌ಗಳನ್ನು ಕಟ್ಟಿದ ಕೈದಿಗಳ ಹೆಸರು ಯಾವ ಬೋಗಿಯ ಮೇಲೂ ಇಲ್ಲ.

ಯುದ್ಧದ ನಂತರ ಬ್ರೆಸ್ಲಾವ್ ಕಾರ್ಖಾನೆ ಏನಾಯಿತು?

1945ರ ಆರಂಭದಲ್ಲಿ ಸೋವಿಯತ್ ಸೇನೆ ಊರನ್ನು ಮುತ್ತಿತು. ಜರ್ಮನ್ ಪಡೆ ಮೇ 6ರವರೆಗೂ ಶರಣಾಗಲಿಲ್ಲ. ಅಷ್ಟರಲ್ಲಿ ಊರಿನ ಬಹುಪಾಲು ನೆಲಸಮ. ಗಡಿಗಳು ಪಡುವಣಕ್ಕೆ ಸರಿದವು, ಊರು ಪೋಲೆಂಡಿಗೆ ಸೇರಿತು, ಜರ್ಮನ್ನರು ಹೊರಬಿದ್ದರು. ಪೋಲೆಂಡಿನ ಪೂರ್ವ ಭಾಗಗಳಲ್ಲಿ ಮನೆಮಠ ಕಳೆದುಕೊಂಡವರಲ್ಲಿ ಅನೇಕರು ಇಲ್ಲಿಗೆ ಬಂದು ನೆಲೆಸಿದರು.

ಹಾಳುಬಿದ್ದ ಕಾರ್ಖಾನೆಯನ್ನು ಅವರು ಎಬ್ಬಿಸಿ ನಿಲ್ಲಿಸಿದರು. ಹೊಸ ಹೆಸರು ಪಾಫಾವಾಗ್, ಅಂದರೆ ಸರ್ಕಾರಿ ವ್ಯಾಗನ್ ಕಾರ್ಖಾನೆ. ಅಲ್ಲಿ 1960ರ ದಶಕದ ಆರಂಭದಿಂದ 1993ರವರೆಗೆ ಇಎನ್-57 ಎಂಬ ವಿದ್ಯುತ್ ಲೋಕಲ್ ಗಾಡಿ 1,400ಕ್ಕೂ ಹೆಚ್ಚು ಸೆಟ್ ಹೊರಬಂದವು. ಪೋಲೆಂಡಿನಲ್ಲಿ ಆ ಗಾಡಿ ಹತ್ತದ ಮನುಷ್ಯ ಸಿಗುವುದು ಕಷ್ಟ.

ಹಾಗಾದರೆ ಎಲ್‌ಎಚ್‌ಬಿ ಹೆಸರು ಹೇಗೆ ಉಳಿಯಿತು?

ಕಾರ್ಖಾನೆ ಹೋಯಿತು, ಹೆಸರು ಪಶ್ಚಿಮ ಜರ್ಮನಿಗೆ ಬಂತು. 1949ರಲ್ಲಿ ಸಾಲ್ಜ್‌ಗಿಟರ್ ಊರಿನ ವಾಟನ್‌ಸ್ಟೆಟ್ ಭಾಗದಲ್ಲಿ ಎಲ್‌ಎಚ್‌ಬಿ ಮತ್ತೆ ಶುರುವಾಯಿತು. ಸಾಲ್ಜ್‌ಗಿಟರ್ ಕಬ್ಬಿಣದ ಅದಿರಿನ ಸೀಮೆ. ನಾಜಿಗಳು ಅಲ್ಲಿ ದೈತ್ಯ ಉಕ್ಕಿನ ಕಾರ್ಖಾನೆಗಳನ್ನು ಎಬ್ಬಿಸಿದ್ದರು, ಸೆರೆಶಿಬಿರದ ಕೈದಿಗಳನ್ನು ದುಡಿಸಿದ್ದರು. ಯುದ್ಧದ ನಂತರ ಆ ಊರಿಗೆ ಹೊಸ ಕೆಲಸ ಬೇಕಿತ್ತು, ನೆಲೆ ಕಳೆದುಕೊಂಡ ಕಂಪನಿಗೆ ಜಾಗ ಬೇಕಿತ್ತು.

ಬೌಟ್ಸನ್ ಪೂರ್ವ ಜರ್ಮನಿಯ ಪಾಲಾಯಿತು. ಅಲ್ಲಿನ ಬುಶ್ ಕಾರ್ಖಾನೆ ಸರ್ಕಾರಿ ಸ್ವತ್ತಾಗಿ, ಪೂರ್ವ ಜರ್ಮನಿಯ ರೈಲ್ವೆಗೂ ಹೊರದೇಶಗಳಿಗೂ ಬೋಗಿ ಕಟ್ಟಿತು. ಒಂದು ಮನೆಯ ಪಾಲು ಮೂರು ದೇಶಗಳಲ್ಲಿ ಹಂಚಿಹೋದಂತೆ.

ಸಾಲ್ಜ್‌ಗಿಟರ್‌ನಲ್ಲಿ ಏನೇನು ಮಾಡಿದರು?

ಹ್ಯಾಂಬರ್ಗ್ ಮೆಟ್ರೋದ ಡಿಟಿ-3, ಡಿಟಿ-4 ಗಾಡಿಗಳು, ಅದೇ ಊರಿನ ಉಪನಗರ ರೈಲು, ಹ್ಯಾನೋವರ್‌ನ ಟ್ರಾಮ್‌ಗಳು, ಜರ್ಮನ್ ರೈಲ್ವೆಯ ಪ್ರಯಾಣಿಕ ಬೋಗಿಗಳು. 1990ರ ದಶಕದ ಕೊನೆಯಲ್ಲಿ 'ಲಿಂಟ್' ಎಂಬ ಹಗುರ ಡೀಸೆಲ್ ಗಾಡಿ ಅಲ್ಲಿಂದ ಹೊರಬಂತು. ಜರ್ಮನಿಯ ಹಳ್ಳಿಗಾಡಿನ ಕವಲು ಹಾದಿಗಳಲ್ಲಿ ಇವತ್ತಿಗೂ ಕಾಣುವುದು ಅದೇ.

ಈಗ ಕಂಪನಿ ಯಾರದು?

ಫ್ರಾನ್ಸಿನ ಆಲ್‌ಸ್ಟಾಮ್‌ದು. 1994ರಲ್ಲಿ ಜಿಇಸಿ-ಆಲ್‌ಸ್ಟಾಮ್ ಎಲ್‌ಎಚ್‌ಬಿಯ ಹೆಚ್ಚಿನ ಷೇರು ಕೊಂಡಿತು, ಕೆಲವು ವರ್ಷಗಳಲ್ಲಿ ಅದು ಆಲ್‌ಸ್ಟಾಮ್ ಎಲ್‌ಎಚ್‌ಬಿ ಆಯಿತು. 2009ರಲ್ಲಿ ಎಲ್‌ಎಚ್‌ಬಿ ಅನ್ನುವುದನ್ನು ಜರ್ಮನಿಯಲ್ಲಿ ಬೋರ್ಡಿನಿಂದಲೇ ತೆಗೆದರು. ಹುಟ್ಟಿದ ದೇಶದಲ್ಲಿ ಈ ಹೆಸರು ಈಗ ರೈಲ್ವೆ ಇತಿಹಾಸದ ಆಸಕ್ತರ ಬಾಯಲ್ಲಿ ಮಾತ್ರ. ನಮ್ಮಲ್ಲಿ ಚಹಾ ಮಾರುವ ಹುಡುಗನಿಗೂ ಗೊತ್ತು.

ಎಲ್‌ಎಚ್‌ಬಿ ಭಾರತಕ್ಕೆ ಬಂದದ್ದು ಹೇಗೆ?

ನಮ್ಮ ಹಳೆಯ ನೀಲಿ ಬೋಗಿಗಳೂ ವಿದೇಶಿ ವಿನ್ಯಾಸವೇ. ಮದ್ರಾಸಿನ ಪೆರಂಬೂರಿನಲ್ಲಿ 1955ರಲ್ಲಿ ಶುರುವಾದ ಐಸಿಎಫ್ ಅವುಗಳನ್ನು ಸ್ವಿಸ್ ಕಂಪನಿಯೊಂದರ ನೆರವಿನಿಂದ ಕಟ್ಟಿತು. ನಾಲ್ಕು ದಶಕದ ನಂತರ ಹೆಚ್ಚು ವೇಗದ, ಹೆಚ್ಚು ಸುರಕ್ಷಿತ ಬೋಗಿ ಬೇಕಾಯಿತು. 1995ರಲ್ಲಿ ಎಲ್‌ಎಚ್‌ಬಿ ಜೊತೆ ಒಪ್ಪಂದವಾಯಿತು. ಬರೀ ಬೋಗಿ ಕೊಳ್ಳುವುದಲ್ಲ, ಮಾಡುವ ವಿದ್ಯೆಯನ್ನೂ ಕಲಿಯುವ ಒಪ್ಪಂದ. ಜರ್ಮನಿಯಿಂದ 24 ಬೋಗಿ 2000ರಲ್ಲಿ ಬಂದವು: 19 ಎಸಿ ಚೇರ್ ಕಾರ್, 2 ಎಕ್ಸಿಕ್ಯೂಟಿವ್ ಚೇರ್ ಕಾರ್, 3 ಜನರೇಟರ್ ಬೋಗಿ. ಮೊದಲು ಓಡಿದ್ದು ದೆಹಲಿ-ಲಖನೌ ಶತಾಬ್ದಿಯಲ್ಲಿ. ಪಂಜಾಬಿನ ಕಪೂರ್ತಲಾ ಕಾರ್ಖಾನೆಯ ಎಂಜಿನಿಯರುಗಳು ಜರ್ಮನಿಗೆ ಹೋಗಿ ತರಬೇತಿ ಪಡೆದರು, ಕೆಲವೇ ವರ್ಷದಲ್ಲಿ ಅಲ್ಲೇ ತಯಾರಿಕೆ ನಡೆಯಿತು. ಆಮೇಲೆ ರಾಯ್‌ಬರೇಲಿ, ಪೆರಂಬೂರುಗಳಲ್ಲೂ. ಪೆರಂಬೂರಿನ ಕೊನೆಯ ಹಳೆ ಮಾದರಿ ಬೋಗಿ 2018ರ ಜನವರಿಯಲ್ಲಿ ಹೊರಬಂತು.

ಒಂದು ಕಾರಣಕ್ಕೆ ನನಗೆ ಈ ಕಥೆ ಇಷ್ಟ. ನಾವು ವಿದ್ಯೆ ಕಲಿತು, ಜರ್ಮನ್ನರು ಎಂದೂ ಕಟ್ಟದ ಸ್ಲೀಪರ್, ಜನರಲ್, ಪ್ಯಾಂಟ್ರಿ ಬೋಗಿಗಳನ್ನು ಆ ಚೌಕಟ್ಟಿನಲ್ಲಿ ಕಟ್ಟಿಕೊಂಡೆವು.

ಹಳೆ ಬೋಗಿಗೂ ಇದಕ್ಕೂ ಏನು ವ್ಯತ್ಯಾಸ?

ಉದ್ದ. ಹಳೆಯದು ಸುಮಾರು 21.3 ಮೀಟರ್, ಎಲ್‌ಎಚ್‌ಬಿ 23.5 ಮೀಟರ್. ಹಾಗಾಗಿ ಸ್ಲೀಪರ್‌ನಲ್ಲಿ 72ರ ಬದಲು 80 ಬರ್ತ್, ಎಸಿ ತ್ರೀ ಟಯರ್‌ನಲ್ಲಿ 64ರ ಬದಲು 72. ಮೈ ಸ್ಟೇನ್‌ಲೆಸ್ ಸ್ಟೀಲ್, ತುಕ್ಕು ಕಡಿಮೆ. ವಿನ್ಯಾಸದ ವೇಗ ಗಂಟೆಗೆ 160 ಕಿ.ಮೀ. ಗಾಲಿಯ ಮೇಲೆ ಬ್ರೇಕ್ ಬ್ಲಾಕ್ ಒತ್ತುವ ಬದಲು ಆಕ್ಸಲ್‌ಗೆ ಕೂರಿಸಿದ ಡಿಸ್ಕ್ ಬ್ರೇಕ್.

ಇವೆಲ್ಲಕ್ಕಿಂತ ಮುಖ್ಯವಾದದ್ದು ಎರಡು ಬೋಗಿಗಳ ನಡುವಿನ ಕೊಂಡಿ. ಹಳೆಯದರಲ್ಲಿ ತಿರುಪಿನ ಕೊಂಡಿ, ಎರಡೂ ಬದಿಗೆ ಬಫರ್. ಡಿಕ್ಕಿಯಾದಾಗ ಬಫರ್‌ಗಳು ಒಂದರ ಮೇಲೊಂದು ಜಾರಿ, ಹಿಂದಿನ ಬೋಗಿ ಮುಂದಿನದರ ಮೇಲೆ ಹತ್ತುತ್ತಿತ್ತು, ಇಲ್ಲವೇ ಒಳಗೇ ನುಗ್ಗುತ್ತಿತ್ತು. ಒಳಗಿದ್ದವರು ಉಳಿಯುತ್ತಿರಲಿಲ್ಲ. ಎಲ್‌ಎಚ್‌ಬಿಯಲ್ಲಿ ಬಫರ್ ಇಲ್ಲ, ನಡುವೆ ಒಂದೇ ಗಟ್ಟಿ ಕಪ್ಲರ್, ಎರಡು ಕೈ ಬೆರಳು ಹೆಣೆದ ಹಾಗೆ. ಒಂದು ಬೋಗಿ ಇನ್ನೊಂದರ ಮೇಲೆ ಹತ್ತಲು ಅದು ಬಿಡುವುದಿಲ್ಲ.

ಬೋಗಿಯ ಎಲ್ಲವೂ ಎಲ್‌ಎಚ್‌ಬಿಯವರದೇ?

ಅಲ್ಲ. ನಾವು ಇಡೀ ಡಬ್ಬಿಗೆ ಬೋಗಿ ಅನ್ನುತ್ತೇವೆ. ರೈಲ್ವೆ ಎಂಜಿನಿಯರಿಗೆ ಬೋಗಿ ಎಂದರೆ ಡಬ್ಬಿಯ ಅಡಿಯಲ್ಲಿ ನಾಲ್ಕು ಗಾಲಿ, ಸ್ಪ್ರಿಂಗ್, ಬ್ರೇಕ್ ಇರುವ ಚೌಕಟ್ಟು ಮಾತ್ರ. ಆ ಅರ್ಥದ ಬೋಗಿ ಇಲ್ಲಿ ಫಿಯಟ್ ವಿನ್ಯಾಸದ್ದು. ಕೂತವರಿಗೆ ಸಿಗುವ ಮೆತ್ತನೆಯ ಓಟದ ಶ್ರೇಯಸ್ಸಿನಲ್ಲಿ ದೊಡ್ಡ ಪಾಲು ಅದಕ್ಕೇ ಹೋಗಬೇಕು. ಗಾಲಿ, ಆಕ್ಸಲ್ ಎಂದಾಗ ನಮ್ಮ ಯಲಹಂಕದ ಕಾರ್ಖಾನೆಯನ್ನೂ ನೆನೆಯಬೇಕು. 1984ರಿಂದ ಅದು ಭಾರತೀಯ ರೈಲ್ವೆಗೆ ಅವನ್ನು ಮಾಡಿಕೊಡುತ್ತಿದೆ.

ಅಪಘಾತದಲ್ಲಿ ಎಲ್‌ಎಚ್‌ಬಿ ನಿಜಕ್ಕೂ ಜೀವ ಉಳಿಸುತ್ತದೆಯೇ?

2024ರ ಅಕ್ಟೋಬರ್ 11ರ ರಾತ್ರಿ ಮೈಸೂರಿನಿಂದ ದರ್ಭಂಗಾಕ್ಕೆ ಹೊರಟಿದ್ದ ಬಾಗ್ಮತಿ ಎಕ್ಸ್‌ಪ್ರೆಸ್ ಚೆನ್ನೈ ಹತ್ತಿರದ ಕವರೈಪೆಟ್ಟೈ ನಿಲ್ದಾಣದಲ್ಲಿ ಲೂಪ್ ಲೈನಿಗೆ, ಅಂದರೆ ಮುಖ್ಯ ಹಳಿಯಿಂದ ಕವಲೊಡೆದ ಪಕ್ಕದ ಹಳಿಗೆ, ನುಗ್ಗಿ, ನಿಂತಿದ್ದ ಗೂಡ್ಸ್ ಗಾಡಿಗೆ ಹೊಡೆಯಿತು. ಬೋಗಿಗಳು ಹಳಿ ತಪ್ಪಿ ಚೆಲ್ಲಾಪಿಲ್ಲಿಯಾದವು, ಬೆಂಕಿ ಹತ್ತಿತು, ಹಲವರಿಗೆ ಗಾಯವಾಯಿತು. ಯಾರೂ ಸಾಯಲಿಲ್ಲ. ಆ ಚಿತ್ರಗಳನ್ನು ನೋಡಿದವರಿಗೆ ಅದು ನಂಬುವುದೇ ಕಷ್ಟವಾಗಿತ್ತು. ಎಲ್‌ಎಚ್‌ಬಿ ಬೋಗಿಗಳ ಪಾಲು ಅದರಲ್ಲಿ ದೊಡ್ಡದು.

ಆದರೆ 2023ರ ಜೂನ್ 2ರಂದು ಬಾಲಸೋರ್ ಹತ್ತಿರ ಹೀಗೇ ಲೂಪ್ ಲೈನಿನ ಗೂಡ್ಸ್‌ಗೆ ಹೊಡೆದ ಕೋರಮಂಡಲ್ ಎಕ್ಸ್‌ಪ್ರೆಸ್‌ನದ್ದೂ ಎಲ್‌ಎಚ್‌ಬಿ ಬೋಗಿಗಳೇ. ವೇಗ ಬಹಳ ಹೆಚ್ಚಿತ್ತು, ಎದುರಿನ ಹಳಿಯಲ್ಲಿ ಬರುತ್ತಿದ್ದ ಇನ್ನೊಂದು ಗಾಡಿಯೂ ಸಿಕ್ಕಿಕೊಂಡಿತು. 290ಕ್ಕೂ ಹೆಚ್ಚು ಜನ ತೀರಿಕೊಂಡರು. ಬೋಗಿ ಎಷ್ಟೇ ಒಳ್ಳೆಯದಿರಲಿ, ಸಿಗ್ನಲ್ ತಪ್ಪಿದರೆ ಅದು ಎಲ್ಲರನ್ನೂ ಕಾಯಲಾರದು. ಎಲ್‌ಎಚ್‌ಬಿ ಬಂದಿದೆ ಎಂದು ಸಿಗ್ನಲ್ ಸುರಕ್ಷತೆಯ ಮಾತನ್ನು ಹಿಂದಕ್ಕೆ ಸರಿಸುವುದನ್ನು ನಾನು ಒಪ್ಪುವುದಿಲ್ಲ.

ಹೊರಡುವಾಗ, ನಿಲ್ಲುವಾಗ ಜಗ್ಗಿದಂತಾಗುತ್ತದಲ್ಲ, ಯಾಕೆ?

ಆ ಕಪ್ಲರ್‌ನಿಂದಲೇ. ಅದರ ಹಿಂದೆ ಎಳೆತ, ತಳ್ಳುವಿಕೆಯನ್ನು ನುಂಗುವ ಭಾಗವೊಂದಿದೆ. ಅದರಲ್ಲಿ ಸ್ವಲ್ಪ ಸಡಿಲವಿದ್ದರೂ ಇಪ್ಪತ್ತು ಬೋಗಿ ದಾಟುವಷ್ಟರಲ್ಲಿ ಪೆಟ್ಟು ಬಲಿಯುತ್ತದೆ. ಮೇಲಿನ ಬರ್ತ್‌ನಲ್ಲಿ ಮಲಗಿದವರಿಗೆ ನಿದ್ದೆ ಹಾರುತ್ತದೆ. ದೂರು ನ್ಯಾಯವಾದದ್ದೇ. ಆ ಭಾಗವನ್ನು ಸುಧಾರಿಸಿ ಬದಲಾಯಿಸಿದ ಬೋಗಿಗಳಲ್ಲಿ ಜಗ್ಗಾಟ ಕಡಿಮೆ.

ಪ್ಲಾಟ್‌ಫಾರ್ಮ್ ಮೇಲೆ ನಿಂತು ಎಲ್‌ಎಚ್‌ಬಿ ಗುರುತಿಸುವುದು ಹೇಗೆ?

ಬಣ್ಣ ನೋಡಬೇಡಿ, ಹಳೆ ಬೋಗಿಗೂ ಹೊಸ ಬಣ್ಣ ಬಳಿದಿರುತ್ತಾರೆ. ಎರಡು ಬೋಗಿಗಳ ಸಂದಿ ನೋಡಿ. ಬದಿಗಳಲ್ಲಿ ದುಂಡನೆಯ ಬಫರ್ ಇದ್ದರೆ ಹಳೆಯದು. ಇಲ್ಲವೇ ಬೋಗಿಯ ಮೈಮೇಲಿನ ಕೋಡ್ ಓದಿ. ಸ್ಲೀಪರ್‌ಗೆ ಎಲ್‌ಡಬ್ಲ್ಯುಎಸ್‌ಸಿಎನ್, ಎಸಿ ತ್ರೀ ಟಯರ್‌ಗೆ ಎಲ್‌ಡಬ್ಲ್ಯುಎಸಿಸಿಎನ್. ಮೊದಲಿಗೆ 'ಎಲ್' ಇದ್ದರೆ ಎಲ್‌ಎಚ್‌ಬಿ. ಅರಸೀಕೆರೆಯಲ್ಲಿ ಗಾಡಿ ಕಾಯುತ್ತ ನಿಂತಾಗ ಬರುವ ಹೋಗುವ ಬೋಗಿಗಳ ಈ ಅಕ್ಷರ ಓದುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಆ ಒಂದು 'ಎಲ್' ಕಂಡಾಗಲೆಲ್ಲ ಬ್ರೆಸ್ಲಾವ್‌ನ ಆ ಗಾಡಿ ಕಸುಬಿನವನು ಕಣ್ಣಮುಂದೆ ಬರುತ್ತಾನೆ.

ಸಾಲ್ಜ್‌ಗಿಟರ್‌ನಲ್ಲಿ ಈಗಲೂ ಹೊಸದೇನಾದರೂ ಆಗುತ್ತಿದೆಯೇ?

ಜಲಜನಕದಿಂದ ಓಡುವ ಗಾಡಿ ಅಲ್ಲಿನದು. ಹೆಸರು ಐಲಿಂಟ್, ಮೇಲೆ ಹೇಳಿದ ಲಿಂಟ್‌ನ ಮಗಳು ಅನ್ನಬಹುದು. ಚಾವಣಿಯ ಮೇಲಿನ ಫ್ಯೂಯಲ್ ಸೆಲ್ ಜಲಜನಕವನ್ನು ಗಾಳಿಯ ಆಮ್ಲಜನಕದೊಂದಿಗೆ ಕೂಡಿಸಿ ವಿದ್ಯುತ್ ಮಾಡುತ್ತದೆ, ಹೊರಬರುವುದು ಆವಿ ಮತ್ತು ನೀರು. 2018ರ ಸೆಪ್ಟೆಂಬರ್‌ನಲ್ಲಿ ಉತ್ತರ ಜರ್ಮನಿಯಲ್ಲಿ ಪ್ರಯಾಣಿಕರನ್ನು ಹೊತ್ತು ಓಡಲು ಶುರುವಾಯಿತು. 2022ರಲ್ಲಿ ಒಂದೇ ಸಲ ತುಂಬಿಸಿದ ಜಲಜನಕದಲ್ಲಿ 1,175 ಕಿ.ಮೀ. ಓಡಿತು.

ಬ್ರೆಸ್ಲಾವ್, ಬೌಟ್ಸನ್ ಕಾರ್ಖಾನೆಗಳು ಈಗ ಯಾರ ಕೈಯಲ್ಲಿವೆ?

ಬರ್ಲಿನ್ ಗೋಡೆ ಬಿದ್ದ ಮೇಲೆ ಎರಡೂ ಬೇರೆಬೇರೆ ದಾರಿಯಲ್ಲಿ ಹೋಗಿ ಕೊನೆಗೆ ಕೆನಡಾದ ಬಂಬಾರ್ಡಿಯರ್ ಕೈಸೇರಿದ್ದವು. 2021ರ ಜನವರಿಯಲ್ಲಿ ಆಲ್‌ಸ್ಟಾಮ್ ಬಂಬಾರ್ಡಿಯರ್‌ನ ರೈಲು ವಿಭಾಗವನ್ನೇ ಕೊಂಡಿತು. ಸಾಲ್ಜ್‌ಗಿಟರ್ ಆಗಲೇ ಆಲ್‌ಸ್ಟಾಮ್‌ನದು. 1945ರಲ್ಲಿ ದಿಕ್ಕಾಪಾಲಾದ ಮೂರೂ ತುಂಡುಗಳು 76 ವರ್ಷಗಳ ಮೇಲೆ ಮತ್ತೆ ಒಂದೇ ಒಡೆತನಕ್ಕೆ ಬಂದವು. ಅಷ್ಟು ಹೊತ್ತಿಗೆ ಯಾವ ಬಾಗಿಲ ಮೇಲೂ ಹಳೆಯ ಹೆಸರು ಇರಲಿಲ್ಲ.

ವಂದೇ ಭಾರತ್ ಬಂದ ಮೇಲೆ ಎಲ್‌ಎಚ್‌ಬಿ ಕಥೆ ಮುಗಿಯಿತೇ?

ಇಲ್ಲ. ವಂದೇ ಭಾರತ್ ಎಂಜಿನ್ ಬೇರೆಯಾಗಿಲ್ಲದ ಗಾಡಿ. ಎಂಜಿನ್ ಎಳೆಯುವ ಗಾಡಿಗಳಿಗೆ ಎಲ್‌ಎಚ್‌ಬಿ ಬೋಗಿಗಳೇ ಈಗಲೂ ತಯಾರಾಗುತ್ತಿವೆ. ಒಂದು ಎಲ್‌ಎಚ್‌ಬಿ ಬೋಗಿಯ ಆಯಸ್ಸು 35 ವರ್ಷ ಎಂದು ರೈಲ್ವೆ ಲೆಕ್ಕ ಹಾಕಿದೆ. ಈ ವರ್ಷ ಕಪೂರ್ತಲಾದಿಂದ ಹೊರಡುವ ಬೋಗಿಯನ್ನು ಇವತ್ತು ತೊಟ್ಟಿಲಲ್ಲಿರುವ ಮಗು ದೊಡ್ಡದಾಗಿ, ತನ್ನ ಮಗುವಿನ ಕೈಹಿಡಿದು ಹತ್ತಬಹುದು.